ಕಣಿವೆಯಲ್ಲಿ ಕೂಗಿ ದಣಿಯುವ ಫೋನು

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಮಲೆನಾಡಿನಲ್ಲಿ ಮಳೆ ಹಿಡಿದಿರುತ್ತದೆ. ಅಡಿಕೆಗೆ ಮೊದಲ ಸುತ್ತಿನ ಬೋರ್ಡೋ ದ್ರಾವಣ ಹೊಡೆದು ಮುಗಿದಿರಬೇಕು, ಇಲ್ಲವೇ ಒಂದು ದಿನದ ಹೊಳವಿಗಾಗಿ ನೀವು ಆಕಾಶ ನೋಡುತ್ತಿರಬೇಕು. ಮಳೆಗಾಲಕ್ಕೆ ಮುನ್ನ ಏನನ್ನೆಲ್ಲ ಕೂಡಿಡಬೇಕೆಂಬುದನ್ನು ನಮ್ಮ ಮನೆಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೌದೆ, ಅಕ್ಕಿ, ಹಪ್ಪಳ, ದನಗಳಿಗೆ ಒಣಹುಲ್ಲು, ಕೊಟ್ಟಿಗೆಗೆ ದರಗು, ಎಲ್ಲಕ್ಕೂ ಲೆಕ್ಕವಿದೆ, ಜಾಗವಿದೆ. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಇನ್ನೊಂದು ವಸ್ತು ಸದ್ದಿಲ್ಲದೆ ಬಂದು ಸೇರಿದೆ. ಅದು ಮೊಬೈಲ್ ಫೋನಿನೊಳಗೆ ಉಳಿದಿರುವ ಚಾರ್ಜು. ಇದರ ಲೆಕ್ಕವನ್ನು ಮಾತ್ರ ನಾವಿನ್ನೂ ಇಡಲು ಕಲಿತಿಲ್ಲ.

ಪರಿಸರದ ಪತ್ರಿಕೆಯೊಂದರ ಸಂಪಾದಕೀಯಕ್ಕೆ ಇದೆಂಥ ವಿಷಯವೆಂದು ಕೆಲವರಿಗೆ ಅನಿಸಬಹುದು. ಹಿಂದಿನ ಮಳೆಗಾಲದವರೆಗೆ ನನಗೂ ಹಾಗೆಯೇ ಅನಿಸುತ್ತಿತ್ತು. ಪುಷ್ಯ ಮಳೆಯ ದಿನಗಳು. ಮೂರು ದಿನದಿಂದ ಕರೆಂಟಿರಲಿಲ್ಲ. ಎರಡನೆಯ ದಿನ ಸಂಜೆ ನಮ್ಮ ಭಾಗದ ಟವರೂ ಮೌನವಾಯಿತು. ಮರುದಿನ ಬೆಳಗಿನ ಜಾವ ತೋಟದ ಅಂಚಿನಲ್ಲಿ ನೆರೆಮನೆಯ ಹಿರಿಯರೊಬ್ಬರಿಗೆ ಹಾವು ಕಚ್ಚಿತು. ನಮ್ಮ ಮಜರೆಯಲ್ಲಿ ಇರುವುದು ಒಂಬತ್ತು ಮನೆ, ಫೋನುಗಳು ಇಪ್ಪತ್ತಕ್ಕೂ ಹೆಚ್ಚು. ಯಾವುದರಲ್ಲೂ ಜೀವವಿರಲಿಲ್ಲ. ರಾತ್ರಿ ಮಲಗುವಾಗ ಅರ್ಧದಷ್ಟು ಚಾರ್ಜಿದ್ದ ನನ್ನ ಫೋನು, ಯಾರೂ ಮುಟ್ಟದಿದ್ದರೂ, ಬೆಳಿಗ್ಗೆ ಕಪ್ಪು ಹಲಗೆಯಂತಾಗಿತ್ತು. ಉಳಿದಿದ್ದುದು ಒಂದೇ ಫೋನು. ಸಿಇಟಿ ಬರೆದು ಸೀಟಿನ ಆಯ್ಕೆ ನಮೂದಿಸಲು ಕಾಯುತ್ತಿದ್ದ ಹುಡುಗಿಯೊಬ್ಬಳು, ಒಟಿಪಿ ಬರುವ ಹೊತ್ತಿಗೆ ಚಾರ್ಜಿಲ್ಲದೆ ಹೋದೀತೆಂಬ ಭಯದಿಂದ, ಎರಡು ದಿನದಿಂದ ಅದನ್ನು ಆರಿಸಿಟ್ಟಿದ್ದಳು. ಅವಳು ಅದನ್ನು ಹಿಡಿದು ಗುಡ್ಡದ ನೆತ್ತಿಗೆ ಓಡಿದಳು. ಅಲ್ಲಿಂದ ಪಕ್ಕದ ತಾಲ್ಲೂಕಿನ ಟವರೊಂದಕ್ಕೆ ಅಡ್ಡಿಯಿಲ್ಲ. 108ಕ್ಕೆ ಕರೆ ಹೋಯಿತು. ರಸ್ತೆಗೆ ಮರ ಬಿದ್ದಿದ್ದ ಕಡೆಯವರೆಗೆ ನಾವು ಅವರನ್ನು ಕುರ್ಚಿಯಲ್ಲಿ ಹೊತ್ತೆವು, ಆಚೆ ಬದಿಯಲ್ಲಿ ಆಂಬುಲೆನ್ಸ್ ನಿಂತಿತ್ತು. ಅವರು ಉಳಿದರು.

ಆಮೇಲೆ ನನ್ನನ್ನು ಕಾಡಿದ ಪ್ರಶ್ನೆ ಇದು. ಬಳಸದೆ ಇಟ್ಟ ಇಪ್ಪತ್ತು ಫೋನುಗಳು ಒಂದೇ ರಾತ್ರಿಯಲ್ಲಿ ಬರಿದಾದದ್ದು ಹೇಗೆ? ಶಿವಮೊಗ್ಗೆಯಲ್ಲಿ ನೆಂಟರ ಮನೆಯಲ್ಲಿ ಉಳಿದಾಗ ಇದೇ ಫೋನು ರಾತ್ರಿಯಿಡೀ ಮೇಜಿನ ಮೇಲಿದ್ದು ಅಷ್ಟಿಷ್ಟು ಮಾತ್ರ ಇಳಿಯುತ್ತದೆ.

ಉತ್ತರ ನಮ್ಮ ಹಿರಿಯರ ‘ಕೂ’ದಲ್ಲಿದೆ. ಒಂದು ಮನೆಯಿಂದ ಇನ್ನೊಂದಕ್ಕೆ ಕಣಿವೆ ದಾಟಿಸಿ ಕೂ ಹಾಕುತ್ತಿದ್ದ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಹತ್ತಿರದ ಮನೆಗೆ ಸಣ್ಣ ದನಿ ಸಾಕು. ಆಚೆ ಗುಡ್ಡದ ಮನೆಗಾದರೆ ಹೊಟ್ಟೆಯಾಳದಿಂದ ದನಿ ಎತ್ತಬೇಕು. ಅಲ್ಲಿಂದ ಮರುಕೂಗು ಬಾರದಿದ್ದರೆ ಮತ್ತೆ ಮತ್ತೆ ಕೂಗಬೇಕು. ಫೋನೂ ಒಂದು ಪುಟ್ಟ ರೇಡಿಯೋ ಕೇಂದ್ರ. ಅದು ಟವರಿನ ಮಾತನ್ನು ಕೇಳುವುದಷ್ಟೇ ಅಲ್ಲ, ತಾನೂ ಟವರಿಗೆ ಕೂಗಿ ಹೇಳಬೇಕು. ಎಷ್ಟು ಜೋರಾಗಿ ಕೂಗಬೇಕೆಂಬುದನ್ನು ಟವರು ಕ್ಷಣಕ್ಷಣಕ್ಕೂ ಆಜ್ಞಾಪಿಸುತ್ತಿರುತ್ತದೆ. ಟವರಿನ ಸಮೀಪವಿರುವ 4ಜಿ ಫೋನು ಒಂದು ಮಿಲಿವಾಟಿಗಿಂತಲೂ ಕಡಿಮೆ ಶಕ್ತಿಯಲ್ಲಿ ಪಿಸುಗುಟ್ಟಿ ಕೆಲಸ ಮುಗಿಸಬಲ್ಲದು. ಅದೇ ಫೋನು ಕಣಿವೆಯ ತಳದಲ್ಲಿ ತನ್ನ ಪೂರ್ಣ ಶಕ್ತಿಯಾದ 200 ಮಿಲಿವಾಟುಗಳಲ್ಲಿ ಅರಚಬೇಕಾಗುತ್ತದೆ. ಅಷ್ಟನ್ನು ಗಾಳಿಗೆ ಬಿಡಲು ಅದು ಬ್ಯಾಟರಿಯಿಂದ ಎಳೆದುಕೊಳ್ಳುವುದು ಇನ್ನೂ ಹೆಚ್ಚು. ಉಳಿದದ್ದು ಶಾಖವಾಗಿ ಹೋಗುತ್ತದೆ. ಸಿಗ್ನಲ್ ಇಲ್ಲದೆಡೆ ಮಾತನಾಡುವಾಗ ಫೋನು ಕಿವಿಗೆ ಬಿಸಿ ತಾಗುವುದು ಈ ಕಾರಣದಿಂದಲೇ.

ನಷ್ಟ ಇಲ್ಲಿಗೇ ನಿಲ್ಲುವುದಿಲ್ಲ. ಸಿಗ್ನಲ್ ದುರ್ಬಲವಾದಾಗ ಮಾಹಿತಿ ನಿಧಾನವಾಗಿ ಸಾಗುತ್ತದೆ. ಪೇಟೆಯಲ್ಲಿ ಎರಡು ಕ್ಷಣದಲ್ಲಿ ಹೋಗುವ ಒಂದು ಫೋಟೋ ಇಲ್ಲಿ ಹಲವು ನಿಮಿಷ ಹೆಣಗುತ್ತದೆ. ಎಂದರೆ ಗಟ್ಟಿ ದನಿಯಲ್ಲಿ, ಅದೂ ದೀರ್ಘಕಾಲ, ಕೂಗಬೇಕಾಗುತ್ತದೆ. ನಾವು ಮಲಗಿದ ಮೇಲೂ ವಾಟ್ಸಾಪು, ಇಮೇಲು, ಫೋಟೋಗಳನ್ನು ತಾವಾಗಿ ಮೇಲೇರಿಸುವ ಸೇವೆಗಳು ಪ್ರಯತ್ನವನ್ನು ಕೈಬಿಡುವುದಿಲ್ಲ. ಟವರು ಪೂರ್ತಿ ಮಾಯವಾದರೆ ಫೋನು ತನಗೆ ಗೊತ್ತಿರುವ ತರಂಗಾಂತರಗಳನ್ನೆಲ್ಲ ಒಂದೊಂದಾಗಿ ತಡಕಲು ತೊಡಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಸಿಗ್ನಲ್ ಒಂದು ಗಳಿಗೆ ಬಂದು ಒಂದು ಗಳಿಗೆ ಹೋಗುವ ಜಾಗ. ಅಲ್ಲಿ ಫೋನು 5ಜಿಯಿಂದ 4ಜಿಗೆ, 4ಜಿಯಿಂದ 2ಜಿಗೆ ಹಾರುತ್ತ, ಪ್ರತಿ ಸಲವೂ ‘ನಾನಿಲ್ಲಿದ್ದೇನೆ’ ಎಂದು ಹೊಸದಾಗಿ ಹೆಸರು ಬರೆಸಬೇಕು. ನಮ್ಮ ಮನೆಗಳು ಬಹುಪಾಲು ಇರುವುದು ಇಂಥ ಜಾಗಗಳಲ್ಲಿಯೇ. ಎರಡು ಸಿಮ್ ಇದ್ದರೆ ಈ ಹುಡುಕಾಟವೂ ಎರಡು.

ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತದೆಂದು ನಾವೆಲ್ಲ ಹೇಳುತ್ತೇವೆ. ಮೊಬೈಲಿನ ತರಂಗಗಳಿಗೆ ಮಳೆಹನಿ ದೊಡ್ಡ ಅಡ್ಡಿಯೇನೂ ಅಲ್ಲ. ಅಡ್ಡಿಯಾಗುವುದು ಗುಡ್ಡ ಮತ್ತು ನೀರುಂಡ ದಟ್ಟ ಎಲೆಗಳು. ಟವರಿನಿಂದ ಟವರಿಗೆ ಮಾತು ಸಾಗಿಸುವ ಮೈಕ್ರೋವೇವ್ ಕೊಂಡಿಗಳು ಮಾತ್ರ ಜಡಿಮಳೆಗೆ ನಿಜವಾಗಿ ಸೊರಗುತ್ತವೆ. ಎಲ್ಲಕ್ಕಿಂತ ದೊಡ್ಡ ಕಾರಣ ಸರಳವಾದದ್ದು. ಕರೆಂಟು ಹೋಗುತ್ತದೆ, ಟವರಿನ ಬ್ಯಾಟರಿ ಕೆಲವು ಗಂಟೆಗಳಲ್ಲಿ ಬರಿದಾಗುತ್ತದೆ, ಡೀಸೆಲ್ ತರುವ ವಾಹನ ಬಿದ್ದ ಮರದಾಚೆ ನಿಲ್ಲುತ್ತದೆ. ಆಗ ನಮ್ಮ ಫೋನುಗಳು ಇಲ್ಲದ ಟವರನ್ನು ಇರುಳೆಲ್ಲ ತಡಕಿ ತಡಕಿ ಸಾಯುತ್ತವೆ. ಆ ರಾತ್ರಿ ನಮ್ಮ ಮಜರೆಯಲ್ಲಿ ನಡೆದದ್ದು ಇದೇ.

ಇಲ್ಲಿ ಹಳೆಯ ಮಾತೊಂದನ್ನು ನೆನೆಯದೆ ಇರಲಾರೆ. ತಂತಿಯ ದೂರವಾಣಿ ತನಗೆ ಬೇಕಾದ ವಿದ್ಯುತ್ತನ್ನು ತಾನೇ ಹೊತ್ತು ತರುತ್ತಿತ್ತು. ವಿನಿಮಯ ಕೇಂದ್ರದ 48 ವೋಲ್ಟಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ ಬರುತ್ತಿದ್ದ ವಿದ್ಯುತ್ತಿನಿಂದ, ಮನೆಯಲ್ಲಿ ವಾರಗಟ್ಟಲೆ ಕರೆಂಟಿಲ್ಲದಿದ್ದರೂ ಫೋನು ಮಾತನಾಡುತ್ತಿತ್ತು, ತಂತಿ ಹರಿಯದಿದ್ದರೆ. ತಂತಿಗಳು ಹೋದವು, ಕಂಬಗಳು ಬೇಲಿಯ ಗೂಟಗಳಾದವು. ವಿದ್ಯುತ್ತನ್ನು ಸಿದ್ಧವಾಗಿಟ್ಟುಕೊಳ್ಳುವ ಹೊಣೆ ದೂರವಾಣಿ ಕೇಂದ್ರದಿಂದ ನಮ್ಮ ಅಂಗಿಯ ಜೇಬಿಗೆ ವರ್ಗವಾಯಿತು. ಹಾಗೆ ವರ್ಗವಾದುದನ್ನು ಯಾರೂ ನಮಗೆ ತಿಳಿಸಲಿಲ್ಲ.

ಬ್ಯಾಟರಿ ಉಳಿಸಲು ಪತ್ರಿಕೆಗಳಲ್ಲಿ ಬರುವ ಸಲಹೆಗಳು ಬಹುಮಟ್ಟಿಗೆ ಪೇಟೆಯವರಿಗೆ ಬರೆದಂಥವು. ಪರದೆಯ ಬೆಳಕು ತಗ್ಗಿಸಿ, ಕಂಪನ ನಿಲ್ಲಿಸಿ ಎನ್ನುತ್ತವೆ. ತಪ್ಪೇನಿಲ್ಲ, ಆದರೆ ತೂತು ಇರುವುದು ಕೊಡದ ತಳದಲ್ಲಿ. ನಮಗೆ ಬೇಕಾದದ್ದು ರೇಡಿಯೋದ ಕೂಗನ್ನು ತಡೆಯುವ ಉಪಾಯ. ಮನೆಯೊಳಗೆ ಸಿಗ್ನಲ್ ಇಲ್ಲದಾಗ ಫೋನನ್ನು ವಿಮಾನದ ಚಿತ್ರವಿರುವ ಏರೋಪ್ಲೇನ್ ಸ್ಥಿತಿಗೆ ಹಾಕುವುದು ಮೊದಲ ಕೆಲಸ. ಆ ಸ್ಥಿತಿಯಲ್ಲಿ ಟಾರ್ಚು, ಕ್ಯಾಮೆರಾ, ಅಲಾರಾಂ, ಇಳಿಸಿಟ್ಟುಕೊಂಡ ಪಾಠ, ಸ್ಥಳ ತಿಳಿಸುವ ಜಿಪಿಎಸ್ ಎಲ್ಲವೂ ನಡೆಯುತ್ತವೆ. ನಿಲ್ಲುವುದು ಕೂಗು ಮಾತ್ರ. ಯಾವ ಸಿಮ್ಮಿಗೆ ನಮ್ಮ ಕಣಿವೆಯಲ್ಲಿ ಎಂದೂ ಸಿಗ್ನಲ್ ಬರುವುದಿಲ್ಲವೋ ಅದನ್ನು ಊರಿನಲ್ಲಿರುವಷ್ಟು ದಿನ ಸೆಟ್ಟಿಂಗ್ಸ್‌ನಲ್ಲಿ ಆರಿಸಿಡಬೇಕು. 5ಜಿ ಎಂದು ಆಗೊಮ್ಮೆ ಈಗೊಮ್ಮೆ ಮಿಣುಕಿ ಮರೆಯಾಗುವ ಕಡೆ ಫೋನನ್ನು 4ಜಿಗೆ ಕಟ್ಟಿಹಾಕುವುದು ಲೇಸು. ಬರಿಯ ಮಾತು ಸಾಕಾದರೆ, 2ಜಿ ಇರುವ ಕಂಪನಿಗಳ ಸಿಮ್ಮನ್ನು 2ಜಿಗೇ ಇಳಿಸಬಹುದು. ಜಿಯೋಗೆ 2ಜಿ ಇಲ್ಲವಾದ್ದರಿಂದ ಆ ಸಿಮ್ಮಿನವರು ಹೀಗೆ ಮಾಡಿದರೆ ಇದ್ದ ಸಂಪರ್ಕವೂ ತಪ್ಪುತ್ತದೆ. ವಾಟ್ಸಾಪಿನಲ್ಲಿ ಚಿತ್ರ, ವಿಡಿಯೋಗಳು ತಾವಾಗಿ ಇಳಿಯುವುದನ್ನೂ, ನಮ್ಮ ಚಿತ್ರಗಳು ತಾವಾಗಿ ಮೇಲೇರುವುದನ್ನೂ ನಿಲ್ಲಿಸಬೇಕು. ಸಂದೇಶಗಳನ್ನು ಮನೆಯಲ್ಲೇ ಬರೆದಿಟ್ಟು, ಹಾಲು ಹಾಕಲು ಹೋಗುವಾಗ ದಿಬ್ಬದಲ್ಲಿ ಒಂದೇ ಸಲಕ್ಕೆ ಕಳುಹಿಸಿದರೆ ಮನೆಯಲ್ಲಿ ಹತ್ತು ಸಲ ಒದ್ದಾಡುವುದಕ್ಕಿಂತ ಅಗ್ಗ.

ಇನ್ನೊಂದು ಉಪಾಯ ನಮ್ಮ ಮನೆಯಲ್ಲಿ ಚೆನ್ನಾಗಿ ನಡೆದಿದೆ. ಹೆಂಚಿನ ಮಾಡಿನ ಉಪ್ಪರಿಗೆಯ ಕಿಟಕಿಯೊಂದರಲ್ಲಿ ಮಾತ್ರ ಸಿಗ್ನಲ್ ನಿಲ್ಲುತ್ತದೆ. ಒಂದು ಫೋನನ್ನು ಅಲ್ಲಿ ಪವರ್ ಬ್ಯಾಂಕಿಗೆ ಸಿಕ್ಕಿಸಿಟ್ಟು ಹಾಟ್‌ಸ್ಪಾಟ್ ಹಾಕುತ್ತೇವೆ. ಉಳಿದ ಫೋನುಗಳು ಏರೋಪ್ಲೇನ್ ಸ್ಥಿತಿಯಲ್ಲಿದ್ದು ವೈಫೈ ಮೂಲಕ ಅದಕ್ಕೆ ಪಿಸುಗುಟ್ಟುತ್ತವೆ. ಕೂಗುವುದು ಒಂದೇ, ದಣಿಯುವುದೂ ಒಂದೇ. ಮನೆಗೆ ಫೈಬರ್ ಸಂಪರ್ಕ ಬಂದಿದ್ದರೆ ವೈಫೈ ಕರೆಯ ಸೌಲಭ್ಯವನ್ನು ತೆರೆದಿಟ್ಟುಕೊಳ್ಳಿ. ಟವರಿನ ಹಂಗಿಲ್ಲದೆ ನಿಮ್ಮದೇ ಸಂಖ್ಯೆಯಿಂದ ಕರೆ ಹೋಗುತ್ತದೆ, ಬರುತ್ತದೆ. ಮೋಡೆಮ್ಮಿಗೆ ಕರೆಂಟು ಬೇಕೆಂಬುದನ್ನು ಮರೆಯಬಾರದು. ಅದು ಬಹುತೇಕ 12 ವೋಲ್ಟಿನದು, ಚಿಕ್ಕ ಬ್ಯಾಟರಿಯಲ್ಲೂ ನಡೆಯುತ್ತದೆ. ತಗಡಿನ ಮಾಡು ಮತ್ತು ಕಾಂಕ್ರೀಟು ತರಂಗಗಳನ್ನು ತಡೆಯುತ್ತವೆ, ಹೆಂಚು ಅಷ್ಟಾಗಿ ತಡೆಯುವುದಿಲ್ಲ. ಅಂಗಡಿಯಲ್ಲಿ ಮಾರುವ ಸಿಗ್ನಲ್ ಬೂಸ್ಟರಿಗೆ ಮರುಳಾಗಬೇಡಿ. ಪರವಾನಗಿಯಿಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ, ಮೇಲಾಗಿ ಅದರ ಗದ್ದಲಕ್ಕೆ ನೆರೆಮನೆಯವರ ಸಿಗ್ನಲ್ ಕೆಡುತ್ತದೆ.

ಚಾರ್ಜಿನ ಲೆಕ್ಕವನ್ನೂ ತುಸು ನೋಡೋಣ. 5000 ಮಿಲಿಆಂಪ್‌ಅವರ್‌ನ ಫೋನಿನಲ್ಲಿ ಹಿಡಿಸುವುದು ಸುಮಾರು 19 ವಾಟ್‌ಅವರ್ ವಿದ್ಯುತ್ತು. 10,000ದ ಪವರ್ ಬ್ಯಾಂಕು ಅದನ್ನು ಎರಡು ಸಲ ತುಂಬುತ್ತದೆಂದು ತೋರಿದರೂ, ದಾರಿಯ ನಷ್ಟ ಕಳೆದರೆ ಒಂದೂವರೆಯಾಗಬಹುದು. ಆಷಾಢದ ಮೋಡದಡಿಯಲ್ಲಿ ಸೌರಫಲಕವನ್ನು ನೆಚ್ಚುವಂತಿಲ್ಲ. ಬಿಸಿಲಿಲ್ಲದ ಆ ದಿನಗಳಲ್ಲಿ ಹಳ್ಳಗಳು ಮಾತ್ರ ತುಂಬಿರುತ್ತವೆ. ಮಲೆನಾಡಿನ ಹಲವು ಮನೆಗಳಲ್ಲಿ ಹಳ್ಳದ ನೀರಿನಿಂದ ತಿರುಗುವ ಕಿರು ವಿದ್ಯುತ್ ಯಂತ್ರಗಳಿವೆ. ಅಂಥ ಒಂದು ಮನೆಯಿರುವ ಮಜರೆ ಭಾಗ್ಯವಂತ. ಅದಿಲ್ಲದೆಡೆ ಜೀಪು, ಟ್ರ್ಯಾಕ್ಟರುಗಳ ಬ್ಯಾಟರಿಯಿದೆ. ಒದ್ದೆಯಾದ ಫೋನನ್ನು ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆಯೊಂದಿಗೆ ಒಣಗಿಸುವವರಿದ್ದಾರೆ. ದಯವಿಟ್ಟು ಬೇಡ. ಲಿಥಿಯಂ ಬ್ಯಾಟರಿಗೆ ಶಾಖದಷ್ಟು ಕೆಟ್ಟದ್ದು ಬೇರೊಂದಿಲ್ಲ.

ಇಷ್ಟು ಬರೆದ ಮೇಲೆ ಕಷ್ಟದ ಮಾತಿಗೆ ಬರಬೇಕಾಗಿದೆ. ಫೋನನ್ನು ಆರಿಸಿಟ್ಟರೆ ಚಾರ್ಜು ಉಳಿಯುತ್ತದೆ, ಆದರೆ ಎಚ್ಚರಿಕೆ ತಪ್ಪುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜಾರಿದವು. 2019ರ ಆಗಸ್ಟಿನಲ್ಲಿ ಮೂಡಿಗೆರೆ ಭಾಗದಲ್ಲಿ ಅದೇ ಕತೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ಎರಡು ವಾರ ಕಳೆಯುವಷ್ಟರಲ್ಲಿ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದವು. ಇಂಥ ಹೊತ್ತಿಗಾಗಿಯೇ ಟವರಿನ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಒಮ್ಮೆಗೇ ಎಚ್ಚರಿಕೆ ಬಿತ್ತರಿಸುವ ವ್ಯವಸ್ಥೆಯನ್ನು ಸರ್ಕಾರ ರೂಪಿಸಿದೆ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಅದರ ಪರೀಕ್ಷೆ ನಡೆದಾಗ ಎಲ್ಲರ ಫೋನೂ ಒಮ್ಮೆಗೇ ಕಿರುಚಿದ್ದು ನಿಮಗೆ ನೆನಪಿರಬಹುದು. ಆ ಸಂದೇಶಕ್ಕೆ ಇಂಟರ್‌ನೆಟ್ ಬೇಡ. ಆದರೆ ಏರೋಪ್ಲೇನ್ ಸ್ಥಿತಿಯಲ್ಲಿರುವ ಫೋನಿಗೆ ಅದು ಮುಟ್ಟುವುದಿಲ್ಲ. ಮಣ್ಣು ಜಾರುವುದು ಹೆಚ್ಚಾಗಿ ಎಡೆಬಿಡದೆ ಮಳೆ ಸುರಿದ ರಾತ್ರಿಗಳಲ್ಲಿ. ನಾವು ಚಾರ್ಜು ಉಳಿಸಲು ಫೋನು ಆರಿಸಿ ಮಲಗುವುದೂ ಅಂಥ ರಾತ್ರಿಗಳಲ್ಲಿಯೇ.

ಒಂದೊಂದೇ ಮನೆಯಾಗಿ ಯೋಚಿಸಿದರೆ ಇದಕ್ಕೆ ಪರಿಹಾರವಿಲ್ಲ. ಮಜರೆಯಾಗಿ ಯೋಚಿಸಿದರೆ ಇದೆ. ಹಾವಿನ ಘಟನೆಯಾದ ವಾರದಲ್ಲಿ ನಾವು ಒಂಬತ್ತು ಮನೆಯವರು ಕುಳಿತು ಮಾಡಿಕೊಂಡ ಒಪ್ಪಂದ ಹೀಗಿದೆ. ಮಳೆಗಾಲದ ಪ್ರತಿ ರಾತ್ರಿ ಎರಡು ಮನೆಗಳ ಫೋನು ತೆರೆದಿರುತ್ತದೆ. ಆ ಎರಡೂ ಬೇರೆ ಬೇರೆ ಕಂಪನಿಗಳ ಸಿಮ್ ಆಗಿರಬೇಕು, ಸಿಗ್ನಲ್ ನಿಲ್ಲುವ ಜಾಗದಲ್ಲಿ ಗಟ್ಟಿ ಸದ್ದಿಗಿಟ್ಟು ಇರಿಸಿರಬೇಕು. ಉಳಿದ ಏಳು ಮನೆಯವರು ನಿಶ್ಚಿಂತೆಯಿಂದ ಆರಿಸಿ ಮಲಗಬಹುದು. ಎಚ್ಚರಿಕೆ ಬಂದರೆ ಮಾಡುವುದೇನು? ಜಾಗಟೆ ಬಾರಿಸುವುದು. ಜಾಗಟೆಯ ದನಿ ಕೇಳದ ಎರಡು ಮನೆಗಳಿಗೆ ಯಾರು ಹೋಗಿ ಹೇಳಬೇಕೆಂಬುದನ್ನೂ ಬರೆದಿಟ್ಟಿದ್ದೇವೆ. ಟವರೇ ಸತ್ತಿದೆಯೆಂದು ಖಚಿತವಾದರೆ ಸರದಿಯ ಫೋನುಗಳನ್ನೂ ಆರಿಸಿ, ಮೂರು ಗಂಟೆಗೊಮ್ಮೆ ಐದು ನಿಮಿಷ ತೆರೆದು ನೋಡುವುದು. ಆಗ ಕಣ್ಣಿಡಬೇಕಾದದ್ದು ಗುಡ್ಡದ ಮೇಲೆ. ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಅಂಗಳದಲ್ಲಿ ಬಿರುಕು ಕಂಡರೆ, ನೆಟ್ಟಗಿದ್ದ ಮರಗಳು ವಾಲಿದರೆ ಯಾವ ಸಂದೇಶಕ್ಕೂ ಕಾಯದೆ ಮನೆ ಬಿಡುವುದೆಂದು ತೀರ್ಮಾನಿಸಿದ್ದೇವೆ. ತುರ್ತು ಸಂಖ್ಯೆ 112 ನಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರಿನ ಮೂಲಕ ಹೋಗಬಲ್ಲದು. ‘ಎಮರ್ಜೆನ್ಸಿ ಕರೆಗಳು ಮಾತ್ರ’ ಎಂದು ಪರದೆಯ ಮೇಲೆ ಬರುವುದರ ಅರ್ಥ ಅದೇ. ಇದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಲ್ಲ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆಯಿದೆ. 2020 ಮತ್ತು 2021ರಲ್ಲಿ ಕೊಡೆ ಹಿಡಿದು ಗುಡ್ಡದ ಮೇಲೆ ಕುಳಿತು ಪಾಠ ಕೇಳಿದವರು ನೀವು, ಇಲ್ಲವೇ ನಿಮ್ಮ ಅಕ್ಕ ಅಣ್ಣಂದಿರು. ಊರಿನಲ್ಲಿ ಎಲ್ಲಿ ಸಿಗ್ನಲ್ ಇದೆಯೆಂಬುದು ನಿಮಗೆ ಗೊತ್ತಿರುವಷ್ಟು ಯಾವ ಕಂಪನಿಗೂ ಗೊತ್ತಿಲ್ಲ. ಆ ತಿಳಿವಳಿಕೆಯನ್ನು ಕಾಗದಕ್ಕೆ ಇಳಿಸಿ. ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನಿನಲ್ಲಿ ಅದು ಒಂದೊಂದು ಬಗೆ. ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ಭಾಗದೊಳಗೆ ಸಿಮ್ ಸ್ಥಿತಿಯೆಂಬಲ್ಲಿ ಸಿಗ್ನಲಿನ ಬಲ ಡಿಬಿಎಂ ಎಂಬ ಮಾನದಲ್ಲಿ ಸಿಗುತ್ತದೆ. ಅದು ಮೈನಸ್ ಸಂಖ್ಯೆ. ಮೈನಸ್ 80 ಎಂದರೆ ಒಳ್ಳೆಯದು, ಮೈನಸ್ 110 ಎಂದರೆ ಕ್ಷೀಣ. ಪ್ರತಿ 10ಕ್ಕೆ ಹತ್ತು ಪಟ್ಟು ವ್ಯತ್ಯಾಸವಾದ್ದರಿಂದ ಇವೆರಡರ ನಡುವೆ ಸಾವಿರ ಪಟ್ಟು ಅಂತರವಿದೆ. ಅಂಗಳ, ಕೊಟ್ಟಿಗೆ, ಉಪ್ಪರಿಗೆ, ಬಸ್ಸು ನಿಲ್ಲುವ ಕಟ್ಟೆ, ಶಾಲೆ, ದಿಬ್ಬ, ಹೀಗೆ ಹತ್ತು ಕಡೆ ನಿಂತು ಸಂಖ್ಯೆ, ಸಿಮ್ಮಿನ ಕಂಪನಿ, ದಿನ, ಹೊತ್ತು ಗುರುತು ಹಾಕಿ. ಕರೆಂಟು ಹೋದ ಎಷ್ಟು ಗಂಟೆಗೆ ಟವರು ನಿಂತಿತೆಂಬುದನ್ನೂ ಬರೆಯಿರಿ. ಗ್ರಾಮಸಭೆಯಲ್ಲಿ ‘ನೆಟ್‌ವರ್ಕ್ ಇಲ್ಲ’ ಎಂಬ ಗೋಳಿಗೆ ಸಿಗದ ಬೆಲೆ ಇಂಥ ಒಂದು ಹಾಳೆಗೆ ಸಿಗುತ್ತದೆ.

ಆ ಹಾಳೆ ಏಕೆ ಬೇಕೆಂದರೆ, ಮೇಲಿನವರ ಲೆಕ್ಕ ಬೇರೆಯೇ ಇದೆ. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸಲು ಕೇಂದ್ರ ಸಚಿವ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸರ್ಕಾರಿ ನೆರವಿನ ಟವರುಗಳನ್ನು ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್ ಗ್ರಾಹಕರೆಲ್ಲ ಬಳಸಬಹುದೆಂಬ ವ್ಯವಸ್ಥೆ 2025ರ ಜನವರಿಯಲ್ಲಿ ಆರಂಭವಾಯಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಬಯಲುಸೀಮೆಯ ಹಳ್ಳಿ ಒಂದು ಬೀದಿ, ಮಲೆನಾಡಿನ ಹಳ್ಳಿ ಹತ್ತು ಕಣಿವೆ. ಹಳ್ಳಿಗೆ ಸಂಪರ್ಕವಾಯಿತೆಂದು ಕಡತದಲ್ಲಿ ಬರೆದರೆ ಒಂಬತ್ತು ಕಣಿವೆಗಳು ಆ ಒಂದು ಪದದಡಿಯಲ್ಲಿ ಮುಚ್ಚಿಹೋಗುತ್ತವೆ. ಟವರು ಎಷ್ಟಿವೆಯೆಂಬುದಕ್ಕಿಂತ ಕರೆಂಟು ಹೋದ ಮೇಲೆ ಅವು ಎಷ್ಟು ಗಂಟೆ ನಿಲ್ಲುತ್ತವೆಂಬುದೇ ಮಳೆಗಾಲದಲ್ಲಿ ನಮಗೆ ಮುಖ್ಯ. ಹೊಸ ಟವರಿಗಾಗಿ ಕಾಡು ಕಡಿಯುವ ಮೊದಲು ಇದ್ದ ಟವರಿಗೆ ನಾಲ್ಕು ಬ್ಯಾಟರಿ ಹೆಚ್ಚು ಇಡಿ ಎಂದು ಕೇಳುವುದು ನ್ಯಾಯವೆಂದು ನನ್ನ ಅಭಿಪ್ರಾಯ. ಟವರೇ ಬೇಡವೆನ್ನುವ ಮಿತ್ರರೂ ನಮ್ಮ ಬಳಗದಲ್ಲಿದ್ದಾರೆ, ಅವರ ಭಯ ವಿಕಿರಣದ್ದು. ಅವರಿಗೊಂದು ಮಾತು. ಟವರು ದೂರವಾದಷ್ಟೂ ಕಿವಿಗಂಟಿದ ಫೋನು ಜೋರಾಗಿ ಕೂಗುತ್ತದೆ. ತಲೆಗೆ ತಾಗುವುದು ಬಹುಪಾಲು ಆ ಕೂಗೇ.

ಬ್ಯಾಟರಿಯೂ ಕಾಡಿನಿಂದ, ಮಣ್ಣಿನಿಂದ ಬಂದದ್ದು. ಲಿಥಿಯಂ ಆಸ್ಟ್ರೇಲಿಯದ ಗಣಿಗಳಿಂದ, ಚಿಲಿಯ ಉಪ್ಪುಬಯಲಿನಿಂದ ಬರುತ್ತದೆ. ಕೋಬಾಲ್ಟ್ ಬಹುಪಾಲು ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಸಾಮಾನ್ಯ ಫೋನಿನ ಬ್ಯಾಟರಿ ಐನೂರು ಚಿಲ್ಲರೆ ಸಲ ಪೂರ್ತಿ ತುಂಬಿ ಬರಿದಾದ ಮೇಲೆ ಕಸುವು ಕಳೆದುಕೊಳ್ಳತೊಡಗುತ್ತದೆ. ಪೇಟೆಯಲ್ಲಿ ದಿನಕ್ಕೊಮ್ಮೆ ತುಂಬುವ ಫೋನನ್ನು ಇಲ್ಲಿ ಎರಡು ಸಲ ತುಂಬಿದರೆ ಅದರ ಆಯುಷ್ಯ ಅರ್ಧ. ಹೀಗೆ ದುರ್ಬಲ ಸಿಗ್ನಲಿನ ದಂಡವನ್ನು ನಾವು ಹಣದಲ್ಲಿ ಕಟ್ಟುತ್ತೇವೆ, ಎಲ್ಲಿಯದೋ ಬೆಟ್ಟ ತನ್ನ ಒಡಲಿನಿಂದ ಕಟ್ಟುತ್ತದೆ. ಉಬ್ಬಿದ ಬ್ಯಾಟರಿಯನ್ನು ಗೊಬ್ಬರಗುಂಡಿಗೋ ಒಲೆಗೋ ಎಸೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಲೆಗೆ ಹಾಕಿದರೆ ಅದು ಸಿಡಿಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಸಂಸ್ಕರಿಸುವ ಹೊಣೆ ತಯಾರಕರದು. ಊರಿನಿಂದ ಸಂಗ್ರಹ ಕೇಂದ್ರದವರೆಗೆ ಅದನ್ನು ತಲುಪಿಸುವುದನ್ನು ನಾವು ಒಟ್ಟಾಗಿ ಮಾಡಬಹುದು. ಮುಟ್ಟುವ ತುದಿಗಳಿಗೆ ಟೇಪು ಸುತ್ತಿ ಒಣ ಡಬ್ಬಿಯಲ್ಲಿ ಇಟ್ಟಿರಿ, ಮುಂದಿನ ಸಭೆಗೆ ತನ್ನಿ.

ನಮ್ಮ ಮಜರೆಯ ಸರದಿ ಪಟ್ಟಿ ಈಗ ಹಾಲಿನ ಡೇರಿಯ ಗೋಡೆಯ ಮೇಲಿದೆ. ಬರೆದವಳು ಆ ಹುಡುಗಿಯೇ. ಕಾಲೇಜಿಗೆ ಸೇರಿ ಈಗ ಊರು ಬಿಟ್ಟಿದ್ದರೂ ರಜೆಗೆ ಬಂದಾಗ ತಿದ್ದಿ ಹೋಗುತ್ತಾಳೆ. ಹಾವು ಕಚ್ಚಿಸಿಕೊಂಡ ಹಿರಿಯರ ಮನೆಯ ಹೆಸರು ಮಂಗಳವಾರ ಮತ್ತು ಶುಕ್ರವಾರದ ಎದುರು ಇದೆ. ಅವರು ತಮ್ಮ ಚಿಕ್ಕ ಕೀಲಿಫೋನನ್ನು ತುಳಸಿಕಟ್ಟೆಯ ಪಕ್ಕದ ಕಂಬಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ತೂಗುಹಾಕಿ ಮಲಗುತ್ತಾರೆ. ಇಂದು ಬುಧವಾರ, ನಮ್ಮ ಮನೆಯ ಸರದಿ.